ಬೆಟ್ಟದ ಮೇಲೊಬ್ಬ, ಬುಡದಲ್ಲೊಬ್ಬಳು

ಹೋದ ವರ್ಷ ಓರಗಿತ್ತಿಯ ಮಗ ಇಂಗ್ಲೆಂಡಿನಿಂದ ಫೋನ್ ಮಾಡಿ, "ಚಿಕ್ಕಮ್ಮಾ, ಅಪ್ಪನ ಹೆಸರಿನಲ್ಲಿ ಬೆಟ್ಟ ಹತ್ತುತ್ತೇನೆ" ಎಂದ. ಹರಕೆಯಿರಬೇಕು ಎಂದುಕೊಂಡೆ. ಅಲ್ಲವಂತೆ. ಗಂಡಸರಿಗೆ ಬರುವ ಪ್ರಾಸ್ಟೇಟ್ ಕ್ಯಾನ್ಸರಿನ ಬಗ್ಗೆ ತಿಳಿವಳಿಕೆ ಹರಡಲು, ಸಂಶೋಧನೆಗೆ ಹಣ ಕೂಡಿಸಲು ಅಲ್ಲಿಯವರು ಹೀಗೆ ಹತ್ತುತ್ತಾರೆ. ಸ್ಕಾಟ್ಲೆಂಡಿನ ಬೆನ್ ನೆವಿಸ್, ಇಂಗ್ಲೆಂಡಿನ ಸ್ಕಾಫೆಲ್ ಪೈಕ್, ವೇಲ್ಸಿನ ಸ್ನೋಡನ್ ಮೂರನ್ನೂ 24 ಗಂಟೆಯೊಳಗೆ ಹತ್ತಿ ಇಳಿಯುವ ಗಟ್ಟಿಗರೂ ಇದ್ದಾರೆ. ಇವನು ಆರಿಸಿಕೊಂಡದ್ದು ಬೆನ್ ನೆವಿಸ್ ಒಂದನ್ನೇ. ಎತ್ತರ 1345 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡವಾದರೂ ಹತ್ತುವುದು ಹೆಚ್ಚುಕಡಿಮೆ ಸಮುದ್ರಮಟ್ಟದಿಂದಲೇ.

ಕುತೂಹಲಕ್ಕೆ ಆ ಬೆಟ್ಟದ ಚರಿತ್ರೆ ಓದಿದೆ. 1881ರ ಬೇಸಿಗೆಯಲ್ಲಿ ಕ್ಲೆಮೆಂಟ್ ರ‍್ಯಾಗ್ ಎಂಬ ಹವಾಮಾನ ವೀಕ್ಷಕ ಹೆಚ್ಚುಕಡಿಮೆ ದಿನವೂ ಶಿಖರಕ್ಕೆ ಹತ್ತಿ ಅಲ್ಲಿನ ಹವೆಯ ಲೆಕ್ಕ ಬರೆದುಕೊಳ್ಳುತ್ತಿದ್ದ. ಕೆಳಗೆ ಫೋರ್ಟ್ ವಿಲಿಯಂ ಊರಿನಲ್ಲಿ ಅವನ ಹೆಂಡತಿ ಅದೇ ಲೆಕ್ಕ ಇಡುತ್ತಿದ್ದಳು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೇ ಅದಕ್ಕೆ ಅರ್ಥ. ಚಿನ್ನದ ಪದಕ ಮಾತ್ರ ಗಂಡನಿಗೆ ಬಂತು! 1883ರಲ್ಲಿ ಮೇಲೆ ವೀಕ್ಷಣಾಲಯ ತೆರೆಯಿತು, ಸಾಮಾನು ಹೊರುವ ಕುದುರೆಗಳಿಗೆಂದು ದಾರಿಯಾಯಿತು. 1904ರಲ್ಲಿ ಹಣ ಸಾಲದೆ ವೀಕ್ಷಣಾಲಯ ಮುಚ್ಚಿತು, ದಾರಿ ಉಳಿಯಿತು. ನಮ್ಮ ಹುಡುಗ ಹತ್ತಿದ್ದೂ ಅದೇ ದಾರಿಯಲ್ಲಿ.

ಈ ಕಾಯಿಲೆಗೂ ಒಂದು ಚರಿತ್ರೆಯಿದೆ. ಗಂಡು ಹಾರ್ಮೋನನ್ನು ತಡೆದರೆ ಈ ಕ್ಯಾನ್ಸರ್ ಕುಗ್ಗುತ್ತದೆಂದು 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಇದನ್ನು ಪತ್ತೆ ಮಾಡಲು ಪಿಎಸ್‌ಎ ಎಂಬ ರಕ್ತಪರೀಕ್ಷೆಗೆ ಅಮೆರಿಕದಲ್ಲಿ 1994ರಲ್ಲಿ ಒಪ್ಪಿಗೆ ಸಿಕ್ಕಿತು. 2003ರಲ್ಲಿ ಮೆಲ್ಬರ್ನ್ ನಗರದ 30 ಮಂದಿ ಗಂಡಸರು ತಮಾಷೆಗೆಂದು ಮೀಸೆ ಬಿಟ್ಟರು. ಮರುವರ್ಷದಿಂದ ಆ ಮೀಸೆಯೇ ಈ ಕಾಯಿಲೆಗೆ ಹಣ ಎತ್ತುವ ನೆಪವಾಯಿತು. ಔಷಧಿಗಿಂತ ಮಾತು ಹುಟ್ಟುವುದೇ ತಡವಾಯಿತು, ನೋಡಿ.

ನಮ್ಮ ಭಾವನವರೂ ಮಾತಾಡಲಿಲ್ಲ. ರಾತ್ರಿ ಎಷ್ಟು ಸಲ ಎದ್ದು ಹೋಗುತ್ತಾರೆಂದು ಅಕ್ಕನಿಗೆ ಗೊತ್ತಿತ್ತು. ಕೇಳಿದರೆ, "ವಯಸ್ಸಾಯಿತಲ್ಲ" ಎನ್ನುತ್ತಿದ್ದರು. ವಯಸ್ಸಿಗೆ ಗ್ರಂಥಿ ಊದಿಕೊಂಡರೂ ಹಾಗಾಗುವುದುಂಟು. ಕ್ಯಾನ್ಸರಾದರೆ ಮೊದಮೊದಲು ಯಾವ ಲಕ್ಷಣವೂ ಕಾಣದಿರಬಹುದು. ಅದಕ್ಕೇ ಡಾಕ್ಟರನ್ನು ಕೇಳಬೇಕು. ಭಾವನವರು ಕೇಳಿದ್ದು ಬೆನ್ನುನೋವು ತಡೆಯಲಾರದಾದಾಗ. ಅಷ್ಟರಲ್ಲಿ ಅದು ಮೂಳೆಗೆ ಇಳಿದಿತ್ತು.

ಹುಡುಗ ಕಳಿಸಿದ ಫೋಟೋದಲ್ಲಿ ಮೋಡ ಬಿಟ್ಟರೆ ಏನೂ ಕಾಣದು. ಅಕ್ಕ ಬಹಳ ಹೊತ್ತು ನೋಡಿ, "ನಾನು ಎಣಿಸುತ್ತಲೇ ಇದ್ದೆ ಕಣೇ, ಯಾರಿಗೂ ಹೇಳಲಿಲ್ಲ" ಎಂದಳು. ಬುಡದಲ್ಲಿ ಕೂತು ಲೆಕ್ಕ ಇಟ್ಟ ಆ ಹೆಂಡತಿ ನೆನಪಾದಳು. ಅವಳ ಲೆಕ್ಕವನ್ನು ಕೇಳುವವರಾದರೂ ಇದ್ದರು.

ಆ ರಾತ್ರಿ ನಮ್ಮ ಯಜಮಾನರು ಎರಡನೆಯ ಸಲ ಎದ್ದಾಗ ನಾನು ದೀಪ ಹಾಕಿದೆ. "ಏನೂ ಇಲ್ಲ, ಮಲಗು" ಎಂದರು. ನಾನು ಮಲಗಲಿಲ್ಲ. ಸೋಮವಾರ ಇಬ್ಬರೂ ಡಾಕ್ಟರ ಬಳಿ ಹೋದೆವು.