ತಾಲ್ಲೂಕಿನ ಭೂಪಟಕ್ಕೆ ಎಷ್ಟು ಬಣ್ಣ ಬೇಕು? – ಗ್ರಾಫ್ ಸಿದ್ಧಾಂತದ ಪರಿಚಯ

ಭದ್ರಾ ಅಣೆಕಟ್ಟೆಯಿರುವ ಲಕ್ಕವಳ್ಳಿ ತರೀಕೆರೆ ತಾಲ್ಲೂಕಿಗೆ ಸೇರಿದ್ದು. ಈ ತಾಲ್ಲೂಕನ್ನು ವಿಭಜಿಸಿ ಅಜ್ಜಂಪುರ ತಾಲ್ಲೂಕನ್ನು ರಚಿಸಿದ ಮೇಲೆ ಚಿಕ್ಕಮಗಳೂರು ಜಿಲ್ಲೆಯ ಭೂಪಟಕ್ಕೆ ಹೊಸದಾಗಿ ಬಣ್ಣ ಹಚ್ಚಬೇಕೆನ್ನೋಣ. ಗಡಿ ಹಂಚಿಕೊಂಡ ಎರಡು ತಾಲ್ಲೂಕುಗಳಿಗೆ ಒಂದೇ ಬಣ್ಣ ಬರಕೂಡದು. ಹಾಗಾದರೆ ಕನಿಷ್ಠ ಎಷ್ಟು ಬಣ್ಣ ಬೇಕು?

ಪ್ರತಿ ತಾಲ್ಲೂಕಿಗೊಂದು ಬಿಂದುವನ್ನಿಟ್ಟು, ಗಡಿ ಕೂಡಿದ ತಾಲ್ಲೂಕುಗಳ ಬಿಂದುಗಳನ್ನು ಗೆರೆಯಿಂದ ಜೋಡಿಸಿದರೆ ದೊರೆಯುವ ಆಕೃತಿಯೇ ಗ್ರಾಫ್. ಇದಕ್ಕೆ ಜಾಲಾಕೃತಿ ಎಂಬ ಹೆಸರೂ ಉಂಟು. ಗೆರೆಯ ಉದ್ದವಾಗಲಿ ವಕ್ರತೆಯಾಗಲಿ ಇಲ್ಲಿ ಲೆಕ್ಕಕ್ಕಿಲ್ಲ. ಯಾವುದು ಯಾವುದಕ್ಕೆ ಕೂಡಿದೆ ಎಂಬುದಷ್ಟೇ ಮುಖ್ಯ. 1736ರಲ್ಲಿ ಆಯ್ಲರ್ ಕ್ಯೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದ್ದು ಈ ದೃಷ್ಟಿಯಿಂದಲೇ.

ತರೀಕೆರೆ, ಕಡೂರು, ಅಜ್ಜಂಪುರಗಳು ಪರಸ್ಪರ ಗಡಿ ಹಂಚಿಕೊಂಡಿರುವುದರಿಂದ ಇವುಗಳಿಗೆ ಮೂರು ಬಣ್ಣಗಳು ಬೇಕೇ ಬೇಕು. ಚಿಕ್ಕಮಗಳೂರು ತಾಲ್ಲೂಕು ಅಜ್ಜಂಪುರವನ್ನು ಮುಟ್ಟುವುದಿಲ್ಲವಾದ್ದರಿಂದ ಅದರ ಬಣ್ಣವನ್ನೇ ಪಡೆಯಬಹುದು. ನರಸಿಂಹರಾಜಪುರಕ್ಕೆ ಕಡೂರಿನ ಬಣ್ಣ ಸಲ್ಲುತ್ತದೆ. ಐದು ತಾಲ್ಲೂಕು, ಮೂರೇ ಬಣ್ಣ! ಆದರೆ ಒಂದು ಪ್ರದೇಶವನ್ನು ಐದು ಪ್ರದೇಶಗಳು ಬಳೆಯಂತೆ ಸುತ್ತುವರಿದಿದ್ದರೆ ನಾಲ್ಕನೆಯ ಬಣ್ಣ ಅನಿವಾರ್ಯ.

ಯಾವ ಭೂಪಟಕ್ಕೂ ನಾಲ್ಕು ಬಣ್ಣ ಸಾಕೇ ಎಂದು 1852ರಲ್ಲಿ ಕೇಳಿದವನು ಫ್ರಾನ್ಸಿಸ್ ಗುತ್ರಿ. 1879ರಲ್ಲಿ ಕೆಂಪೆ ನೀಡಿದ ಸಾಧನೆಯನ್ನು ಗಣಿತ ಲೋಕ ಹನ್ನೊಂದು ವರ್ಷ ನಂಬಿತ್ತು. 1890ರಲ್ಲಿ ಹೀವುಡ್ ಅದರಲ್ಲಿನ ದೋಷವನ್ನು ತೋರಿಸಿ, ಐದು ಬಣ್ಣ ಸಾಕೆಂಬುದನ್ನು ಮಾತ್ರ ಉಳಿಸಿಕೊಟ್ಟರು. 1976ರಲ್ಲಿ ಅಪೆಲ್ ಮತ್ತು ಹಾಕನ್ ಸಾವಿರಕ್ಕೂ ಹೆಚ್ಚು ವಿನ್ಯಾಸಗಳನ್ನು ಕಂಪ್ಯೂಟರಿನಿಂದ ಪರೀಕ್ಷಿಸಿ ನಾಲ್ಕೇ ಸಾಕೆಂದು ಸಾಧಿಸಿದರು. ಮನುಷ್ಯರು ಕೈಯಿಂದ ಪರಿಶೀಲಿಸಲಾಗದ್ದು ಸಾಧನೆಯೇ ಎಂಬ ಆಕ್ಷೇಪ ಆಗ ಎದ್ದಿತು. ಅದು ತಳ್ಳಿಹಾಕುವಂಥದ್ದೇನೂ ಆಗಿರಲಿಲ್ಲ.

ಈ ಪ್ರಮೇಯ ಎಲ್ಲ ಗ್ರಾಫ್‌ಗಳಿಗೂ ಅನ್ವಯಿಸುವುದೆಂಬ ಭ್ರಮೆ ಬೇಡ. ಗೆರೆಗಳು ಒಂದನ್ನೊಂದು ಕತ್ತರಿಸದಂತೆ ಸಮತಲದಲ್ಲಿ ಬರೆಯಬಹುದಾದವುಗಳಿಗಷ್ಟೇ ಅದು ಸಲ್ಲುತ್ತದೆ. ಪರೀಕ್ಷಾ ವೇಳಾಪಟ್ಟಿಯನ್ನೇ ನೋಡಿ: ವಿಷಯಗಳು ಬಿಂದುಗಳು, ಸಮಾನ ವಿದ್ಯಾರ್ಥಿಗಳುಳ್ಳ ವಿಷಯಗಳ ನಡುವೆ ಗೆರೆ, ದಿನಗಳೇ ಬಣ್ಣಗಳು. ದಿನಕ್ಕೊಂದೇ ಪರೀಕ್ಷೆಯೆಂದಾದರೆ, ಒಬ್ಬನೇ ವಿದ್ಯಾರ್ಥಿ ಆರು ವಿಷಯ ಬರೆಯುವಾಗ ಆರು ದಿನ ಬೇಕಾಗುತ್ತದೆ.

ಕರ್ನಾಟಕದಲ್ಲಿಯೂ ಗ್ರಾಫ್ ಸಿದ್ಧಾಂತದ ಸಂಶೋಧನೆ ಬೆಳೆದಿದೆ. ಧಾರವಾಡದ ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲಿಕಾರ್ 1979ರಲ್ಲಿ ಮಂಡಿಸಿದ ಪರಿಕಲ್ಪನೆಯೊಂದು ಇಂದು ನಿಸ್ತಂತು ಜಾಲಗಳ ಅಧ್ಯಯನದಲ್ಲಿ ಬಳಕೆಯಾಗುತ್ತಿದೆ.

ಗ್ರಾಫೊಂದಕ್ಕೆ ಎರಡು ಬಣ್ಣ ಸಾಕೇ ಎಂದು ತಿಳಿಯುವುದು ಸುಲಭ: ಬೆಸ ಸಂಖ್ಯೆಯ ಗೆರೆಗಳ ಸುತ್ತು ಇರಬಾರದು, ಅಷ್ಟೇ. ಮೂರು ಸಾಕೇ ಎಂಬುದಕ್ಕೆ ಎಲ್ಲ ಗ್ರಾಫ್‌ಗಳಿಗೂ ಒಪ್ಪುವ ಶೀಘ್ರ ವಿಧಾನ ಈವರೆಗೆ ಯಾರಿಗೂ ದೊರೆತಿಲ್ಲ.