ಒಂದು ಲಕ್ಷ ಕಿ.ಮೀ. ದಾಟಿದ ಹಳೆಯ ಸ್ಪೋರ್ಟ್ಸ್ ಕಾರು ಗುಜರಿಗೇ ಲಾಯಕ್ಕೇ?

ಹೇಳಿಕೆ: "ಲಕ್ಷ ಕಿಲೋಮೀಟರ್ ಓಡಿದ ಸ್ಪೋರ್ಟ್ಸ್ ಕಾರನ್ನು ಪುಕ್ಕಟೆ ಕೊಟ್ಟರೂ ತಗೋಬೇಡಿ. ಎಷ್ಟೇ ಹಳೆಯದಾಗಲಿ, ಕಡಿಮೆ ಓಡಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ."

ಸತ್ಯಾಂಶ: ಮೊದಲ ಮಾತು ಬಹುಮಟ್ಟಿಗೆ ತಪ್ಪು. ಎರಡನೆಯದು ಅಪಾಯಕಾರಿ.

ಸೆಕೆಂಡ್ ಹ್ಯಾಂಡ್ ಕಾರುಗಳ ವಿಡಿಯೋ ಜೊತೆಗೆ ಈ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ನಮ್ಮಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ಕಡಿಮೆ. ಆದರೆ ಅಮೆರಿಕ, ಬ್ರಿಟನ್‌ಗಳಲ್ಲಿ ಇದು ಸಾಮಾನ್ಯ ಹವ್ಯಾಸ, ಅಲ್ಲಿ ನೆಲೆಸಿದ ಕನ್ನಡಿಗರಿಗೂ ಈ ಆಸೆ ಇಲ್ಲದೇ ಇಲ್ಲ. ಜೊತೆಗೆ ಇದೇ ಲೆಕ್ಕಾಚಾರವನ್ನು ನಮ್ಮ ಹಳೆಯ ಸೆಡಾನ್‌ಗಳಿಗೂ ಹಚ್ಚುವುದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಲಕ್ಷ ಕಿ.ಮೀ. ಎಂದರೆ ಆಯುಷ್ಯ ಮುಗಿದಂತೆಯೇ?

ಅಮೆರಿಕದ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಇರ್ವ್ ಗಾರ್ಡನ್ ಎಂಬ ವಿಜ್ಞಾನದ ಮೇಷ್ಟ್ರಿದ್ದರು. 1966ರಲ್ಲಿ ಅವರು ಕೆಂಪು ಬಣ್ಣದ ವೋಲ್ವೊ ಪಿ1800 ಕೊಂಡರು. ಆ ಕಾಲದ ಅಂದದ ಸ್ಪೋರ್ಟ್ಸ್ ಕಾರು ಅದು. ಕೆಲಸಕ್ಕೆ ಹೋಗಿಬರಲು ದಿನಕ್ಕೆ ಸುಮಾರು 200 ಕಿ.ಮೀ. ಓಡಿಸುತ್ತಿದ್ದರು. 2013ರ ಸೆಪ್ಟೆಂಬರ್‌ನಲ್ಲಿ ಅಲಾಸ್ಕಾದಲ್ಲಿ ಆ ಕಾರು 30 ಲಕ್ಷ ಮೈಲಿ ದಾಟಿತು, ಅಂದರೆ ಸುಮಾರು 48 ಲಕ್ಷ ಕಿ.ಮೀ. ಗಿನ್ನೆಸ್ ದಾಖಲೆಯೂ ಆಯಿತು. ಎಂಜಿನ್ ಮೊದಲ ಬಾರಿ ಬಿಚ್ಚಿ ಕಟ್ಟಿಸಿದ್ದು ಸುಮಾರು 6.8 ಲಕ್ಷ ಮೈಲಿ ಓಡಿದ ಮೇಲೆ. ಗುಟ್ಟೇನು ಎಂದು ಕೇಳಿದವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ: ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಂತೆ ನಡೆದುಕೊಳ್ಳಿ, ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ.

ಒಂದು ಕಾರು ಇಷ್ಟು ಓಡಿತೆಂದು ಎಲ್ಲವೂ ಓಡುತ್ತವೆ ಎನ್ನುವಂತಿಲ್ಲ. ಓಡದೆ ಗುಜರಿ ಸೇರಿದವುಗಳ ಕಥೆಯನ್ನು ಯಾರೂ ಹೇಳುವುದಿಲ್ಲವಲ್ಲ. ಆದರೆ ಗಾರ್ಡನ್ ಅವರ ಕಾರಿಗೆ ಒಂದು ಅನುಕೂಲವಿತ್ತು. ಅದು ದಿನವೂ ಹೈವೇಯಲ್ಲಿ ದೂರ ಓಡುತ್ತಿತ್ತು. ಎಂಜಿನ್ ಹೆಚ್ಚು ಸವೆಯುವುದು ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷಗಳಲ್ಲಿ, ಇನ್ನೂ ತಣ್ಣಗಿರುವಾಗ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಆ ನೀರು ಆಯಿಲ್‌ನಲ್ಲೇ ಉಳಿದು ಅದನ್ನು ಕೆಡಿಸುತ್ತದೆ. ಹಾಗಾಗಿ ದಿನಾ ಎರಡು ಕಿ.ಮೀ. ದೂರದ ಅಂಗಡಿಗೆ ಹೋಗಿಬಂದ 40 ಸಾವಿರ ಕಿ.ಮೀ.ಗಿಂತ ಹೈವೇಯಲ್ಲಿ ಓಡಿದ ಲಕ್ಷ ಕಿ.ಮೀ. ಎಂಜಿನ್‌ಗೆ ಹಗುರ.

ಹಾಗಾದರೆ 'ಲಕ್ಷ'ದ ಭಯ ಬಂದದ್ದೆಲ್ಲಿಂದ? ನಮ್ಮ ಊಹೆ ಹೀಗಿದೆ. ಎಷ್ಟೋ ಹಳೆಯ ಕಾರುಗಳ ಮೀಟರ್‌ನಲ್ಲಿ ಐದೇ ಅಂಕಿ ಇರುತ್ತಿದ್ದವು, 99,999 ಆದ ಮೇಲೆ ಮತ್ತೆ ಸೊನ್ನೆ. ಅಲ್ಲದೆ ದೊಡ್ಡ ಖರ್ಚುಗಳು ಬರುವುದೂ ಇದೇ ಹೊತ್ತಿಗೆ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಕಾರನ್ನೇ ನೋಡಿ. ಅದರ ಟೈಮಿಂಗ್ ಬೆಲ್ಟನ್ನು 60,000 ಮೈಲಿಗೆ, ಅಂದರೆ ಸುಮಾರು 96,000 ಕಿ.ಮೀ.ಗೆ ಬದಲಿಸಬೇಕು. ಅದರ ಜೊತೆಗೇ ವಾಟರ್ ಪಂಪ್, ಸೀಲ್‌ಗಳನ್ನೂ ಹಾಕಿಸುವುದು ರೂಢಿ. ಇವೆಲ್ಲ ಹಾಕಿಸಿದ 1.2 ಲಕ್ಷದ ಕಾರು, ಹಾಕಿಸದೆ ಮಾರಾಟಕ್ಕಿಟ್ಟ 90 ಸಾವಿರದ ಕಾರಿಗಿಂತ ಉತ್ತಮ.

ನಿಂತ ಕಾರು ಹೊಸದಾಗಿಯೇ ಉಳಿಯುತ್ತದೆಯೇ?

ಇಲ್ಲ. ಜೀವಕ್ಕೆ ಅಪಾಯ ಇರುವುದು ಇಲ್ಲೇ. ಕಬ್ಬಿಣ ಓಡಿದಷ್ಟೂ ಸವೆಯುತ್ತದೆ, ರಬ್ಬರ್ ಮಾತ್ರ ಸುಮ್ಮನೆ ನಿಂತರೂ ಹಾಳಾಗುತ್ತದೆ. ಟೈರು, ಬೆಲ್ಟು, ಕೂಲಂಟ್ ಪೈಪು, ಸಸ್ಪೆನ್ಷನ್ ಬುಷ್ ಎಲ್ಲಕ್ಕೂ ವಯಸ್ಸೆಂಬುದಿದೆ.

2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನಡೆದ ಅಪಘಾತ ಹಲವರಿಗೆ ನೆನಪಿರಬಹುದು. 'ಫಾಸ್ಟ್ ಆ್ಯಂಡ್ ಫ್ಯೂರಿಯಸ್' ಚಿತ್ರಗಳ ನಟ ಪಾಲ್ ವಾಕರ್ ಮತ್ತು ಕಾರು ಓಡಿಸುತ್ತಿದ್ದ ಅವರ ಗೆಳೆಯ ಇಬ್ಬರೂ ಸತ್ತರು. ಕಾರು 2005ರ ಪೋರ್ಷೆ ಕರೇರಾ ಜಿಟಿ. ಮುಖ್ಯ ಕಾರಣ ಅತಿವೇಗ: 45 ಮೈಲಿ ಮಿತಿಯ ರಸ್ತೆಯಲ್ಲಿ 80ರಿಂದ 93 ಮೈಲಿ. ಆದರೆ ತನಿಖಾಧಿಕಾರಿಗಳು ಇನ್ನೊಂದನ್ನೂ ದಾಖಲಿಸಿದರು. ಟೈರುಗಳಿಗೆ ಒಂಬತ್ತು ವರ್ಷ ಮೀರಿತ್ತು, ಅದರಿಂದ ಕಾರಿನ ಹತೋಟಿ ಕುಗ್ಗಿರಬಹುದು ಎಂದು.

ನಿಮ್ಮ ಟೈರಿನ ವಯಸ್ಸು ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಪಕ್ಕದ ಗೋಡೆಯ ಮೇಲೆ 'ಡಾಟ್' ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಹೂವು ಹೊಸದರಂತೆ ಕಂಡರೂ ಆರು ವರ್ಷ ದಾಟಿದ ಟೈರನ್ನು ವರ್ಷವೂ ತೋರಿಸಬೇಕು. ಹತ್ತು ವರ್ಷ ಆಗಿದ್ದರೆ ಯೋಚಿಸದೆ ಬದಲಿಸಿ.

ಇನ್ನು ಬ್ರೇಕ್ ಆಯಿಲ್ (ಹೆಸರಿಗೆ ಆಯಿಲ್, ನಿಜದಲ್ಲಿ ಎಣ್ಣೆಯಲ್ಲ). ಅದು ಗಾಳಿಯಲ್ಲಿನ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಆದರೆ ಶೇ. 3.7ರಷ್ಟು ನೀರು ಸೇರಿದ ಮೇಲೆ ಈ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬ್ರೇಕ್ ಕಾದು ಅದು ಕುದಿದರೆ ಪೈಪಿನಲ್ಲಿ ಗುಳ್ಳೆ ಏಳುತ್ತದೆ, ಪೆಡಲ್ ಒತ್ತಿದರೆ ತಳಕ್ಕೇ ಹೋಗುತ್ತದೆ. ಮೀಟರ್ ಎಷ್ಟೇ ತೋರಿಸಲಿ, ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ.

ಹಳೆಯ ಎಂಜಿನ್‌ಗೆ ದಪ್ಪ ಆಯಿಲ್ ಹಾಕಬೇಕೇ?

ಪುಸ್ತಕದಲ್ಲಿ ಹೇಳಿದ ದರ್ಜೆಗಿಂತ ದಪ್ಪನೆಯದು ಹಾಕಿದರೆ ಸದ್ದು ಅಡಗಬಹುದು, ಸವೆತ ವಾಸಿಯಾಗುವುದಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಮೇಲಿನ ಭಾಗಗಳಿಗೆ ತಲುಪುವುದೂ ತಡ. ಮೊದಮೊದಲ ಎಂಎಕ್ಸ್-5ಗಳಲ್ಲಿ ಎಂಜಿನ್ ಮೇಲಿಂದ ಟಿಕ್‌ಟಿಕ್ ಸದ್ದು ಬರುವುದುಂಟು. ವಾಲ್ವ್ ಬಳಿಯ ಹೈಡ್ರಾಲಿಕ್ ಬಿಡಿಭಾಗಗಳಿಗೆ ಆಯಿಲ್ ಸರಿಯಾಗಿ ತಲುಪದಿರುವುದು ಅದಕ್ಕೆ ಸಾಮಾನ್ಯ ಕಾರಣ. ಎಷ್ಟೋ ಸಲ ಸರಿಯಾದ ಹೊಸ ಆಯಿಲ್ ಹಾಕಿದರೆ ಸದ್ದು ಇಳಿಯುತ್ತದೆ.

ಕೊಳ್ಳುವ ಮೊದಲು ಏನು ನೋಡಬೇಕು?

ಆ ಮಾಡೆಲ್ಲಿನ ಹುಟ್ಟು ದೋಷ ಏನೆಂದು ಮೊದಲು ತಿಳಿದುಕೊಳ್ಳಿ. ಎಂಎಕ್ಸ್-5ರ ಶತ್ರು ಎಂಜಿನ್ ಅಲ್ಲ, ತುಕ್ಕು. ಬಟ್ಟೆಯ ಚಾವಣಿಯಿಂದ ನೀರು ಹರಿದುಹೋಗುವ ಕೊಳವೆಯಲ್ಲಿ ಕಸ ಕಟ್ಟಿಕೊಂಡರೆ, ಬಾಗಿಲ ಕೆಳಗಿನ ಟೊಳ್ಳು ತಗಡಿನೊಳಗೆ ನೀರು ನಿಂತು ಒಳಗಿನಿಂದಲೇ ಕೊರೆಯುತ್ತದೆ. ಮೆದುವಾದ ಪ್ಲಾಸ್ಟಿಕ್ ತಂತಿಯಿಂದ ಆಗಾಗ ಕೊಳವೆ ಬಿಡಿಸಿದರೆ ಸಾಕು, ಕಾಸಿನ ಖರ್ಚಿಲ್ಲ.

ಪೋರ್ಷೆಯ ಕಥೆ ಬೇರೆ. 1990ರ ದಶಕದ ಕೊನೆಯಿಂದ ಬಂದ ಬಾಕ್ಸ್‌ಸ್ಟರ್ ಮತ್ತು 911 ಕಾರುಗಳ ಎಂಜಿನ್ನಿನ ಮಧ್ಯದ ಶಾಫ್ಟಿಗೆ ಒಂದು ಬೇರಿಂಗ್ ಇದೆ. ಅದು ಮುರಿದರೆ ಇಡೀ ಎಂಜಿನ್ ಹೋದಂತೆಯೇ. 2001ರಿಂದ 2005ರ ಮಾಡೆಲ್‌ಗಳ ಬಗ್ಗೆ ಅಮೆರಿಕದಲ್ಲಿ ಮಾಲೀಕರು ಕೋರ್ಟಿಗೂ ಹೋಗಿ, 2013ರಲ್ಲಿ ರಾಜಿಯಾಯಿತು. ಎಲ್ಲ ಕಾರಿನಲ್ಲೂ ಅದು ಮುರಿಯುವುದಿಲ್ಲ. ಆದರೆ ಕಾರಿನ ಬೆಲೆ ಇಳಿದಿದೆಯೆಂದು ಬಿಡಿಭಾಗದ ಬೆಲೆ ಇಳಿಯುವುದಿಲ್ಲ ಎಂಬುದನ್ನು ಬಹಳ ಜನ ಕೊಂಡ ಮೇಲೆ ಕಲಿಯುತ್ತಾರೆ. ಎಲ್ಲ ಹಣವನ್ನೂ ಕಾರಿಗೇ ಸುರಿಯದೆ, ಮೊದಲ ವರ್ಷದ ರಿಪೇರಿಗೆ ಒಂದು ಪಾಲು ಎತ್ತಿಡಿ.

ಮೀಟರನ್ನು ತಿರುಚುವುದು ಕಷ್ಟದ ಕೆಲಸವಲ್ಲ, ಡಿಜಿಟಲ್ ಮೀಟರನ್ನೂ ಬಿಟ್ಟಿಲ್ಲ. ಬ್ರಿಟನ್‌ನಲ್ಲಾದರೆ ವಾರ್ಷಿಕ ತಪಾಸಣೆಯಲ್ಲಿ ಬರೆದ ಮೈಲಿ ಲೆಕ್ಕವನ್ನು ಸರ್ಕಾರಿ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು. ನಮ್ಮಲ್ಲಿ ಸರ್ವಿಸ್ ಬಿಲ್‌ಗಳನ್ನೇ ಕೇಳಬೇಕು. 20 ಸಾವಿರ ಓಡಿದೆ ಎನ್ನುವ ಕಾರಿನ ಪೆಡಲ್ ರಬ್ಬರ್ ನುಣುಪಾಗಿ, ಡ್ರೈವರ್ ಸೀಟಿನ ಅಂಚು ಹರಿದಿದ್ದರೆ ಅನುಮಾನ ಪಡಿ. ಭಾರತದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಆರ್‌ಟಿಒಗೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. 14 ವರ್ಷದ ಕಾರು ಅಗ್ಗಕ್ಕೆ ಬಂದಿದ್ದರೆ ಆರ್‌ಸಿ ಕಾರ್ಡಿನ ಮೇಲಿನ ದಿನಾಂಕವನ್ನು ಮುಂಗಡ ಕೊಡುವ ಮೊದಲೇ ನೋಡಿ.