ಮಯೂರ ಕಾಡು ಸೇರಿದ್ದು ಯಾಕೆ?

ಇವತ್ತಿನ ಕಥೆ ಶುರುವಾಗೋದು ಕೈಕೊಟ್ಟ ಒಂದು ಟ್ರೆಕ್ಕಿಂಗ್ ಪ್ಲಾನ್‌ನಿಂದ.

ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ ಅಂತ ನಾವು ನಾಲ್ಕು ಜನ ಗೆಳೆಯರು ಅಂದುಕೊಂಡಿದ್ವಿ. ಪಾಸ್ ಬುಕ್ ಮಾಡೋದನ್ನ ನಾನೇ ಮರೆತೆ, ಚೆನ್ನಾಗಿ ಬೈಸಿಕೊಂಡೆ. ಕೊನೆಗೆ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಬೆಟ್ಟ ಹತ್ತಿದ್ವಿ. ರೇಣುಕಾಂಬೆ ಗುಡಿ ದಾಟಿ ಮೇಲೆ ಹೋದ್ರೆ ಪಾಳುಬಿದ್ದ ಕೋಟೆ. ಒಂದು ಕಡೆ ದಾರಿ ತಪ್ಪಿ, ಮುಳ್ಳಿನ ಪೊದೆಗಳ ನಡುವೆ ಸಿಕ್ಕಿಕೊಂಡು ಸುಸ್ತಾದ್ವಿ. ವಾಪಸ್ ಬರುವಾಗ ಶಿರಾಳಕೊಪ್ಪದ ಹತ್ತಿರ ತಾಳಗುಂದದಲ್ಲಿ ಗಾಡಿ ನಿಲ್ಲಿಸಿದ್ವಿ, ಸುಮ್ಮನೆ ನೋಡಿಕೊಂಡು ಹೋಗೋಣ ಅಂತ.

ಅಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದೆ ಎಂಟು ಮುಖದ ಒಂದು ಕಲ್ಲಿನ ಕಂಬ ಇದೆ. ಅಕ್ಷರದ ಸಾಲುಗಳು ಅಡ್ಡಕ್ಕಿಲ್ಲ, ಬೆಟ್ಟ ಹತ್ತೋ ಹಾಗೆ ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ. ಸುಮಾರು 450ರ ನಂತರ, ಕದಂಬರ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಅನ್ನೋ ಕವಿ ಸಂಸ್ಕೃತದಲ್ಲಿ ಬರೆದ ಶಾಸನ ಇದು. ಕಲ್ಲಿನ ಮೇಲೆ ಬರೆದವನೂ ತಾನೇ ಅಂತ ಅವನೇ ಹೇಳಿಕೊಂಡಿದ್ದಾನೆ. 1894ರಲ್ಲಿ ಬಿ.ಎಲ್. ರೈಸ್ ಇದನ್ನ ಗುರುತಿಸಿದ ಮೇಲೆ ಕದಂಬರು ಹುಟ್ಟಿದ ಕಥೆ ವಿದ್ವಾಂಸರಿಗೆ ಸಿಕ್ಕಿತು.

ಕಥೆ ಹೀಗಿದೆ. ಮಯೂರಶರ್ಮ ಅನ್ನೋ ಬ್ರಾಹ್ಮಣ ಯುವಕ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದೋಕೆ ಹೋಗ್ತಾನೆ. ಘಟಿಕೆ ಅಂದ್ರೆ ಆಗಿನ ಉನ್ನತ ವಿದ್ಯಾಕೇಂದ್ರ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜೋರು ಜಗಳ ಆಗುತ್ತೆ. ಅವಮಾನ ಸಹಿಸದೆ, ದರ್ಭೆ ಹಿಡಿಯೋ ಕೈಯಲ್ಲಿ ಕತ್ತಿ ಹಿಡೀತಾನೆ.

ನಮ್ಮಲ್ಲಿ ಬಹಳ ಜನರಿಗೆ ಮಯೂರ ಅಂದ್ರೆ 1975ರ ಸಿನಿಮಾದ ರಾಜ್‌ಕುಮಾರ್. ಕನ್ನಡಿಗರ ಸ್ವಾಭಿಮಾನಕ್ಕೆ ಎದ್ದು ನಿಂತ ವೀರ. ನಾನೂ ಹಾಗೇ ನಂಬಿದ್ದೆ. ಆದ್ರೆ ಶಾಸನದಲ್ಲಿ ಅವನ ಸಂಕಟ ಬೇರೆ: ಈ ಕಲಿಯುಗದಲ್ಲಿ ಬ್ರಾಹ್ಮಣರು ಕ್ಷತ್ರಿಯರಿಗಿಂತ ದುರ್ಬಲರಾಗಿಬಿಟ್ಟರಲ್ಲ ಅನ್ನೋದು. ಅಲ್ಲಿ ಕನ್ನಡದ ಮಾತೇ ಇಲ್ಲ. ಇನ್ನೊಂದು ವಿಷಯ: ಇದನ್ನ ಬರೆಸಿದ್ದು ಘಟನೆ ನಡೆದು ಸುಮಾರು ನೂರು ವರ್ಷ ಆದ ಮೇಲೆ, ಅವನದೇ ವಂಶದ ರಾಜ. ತಾತ ಮುತ್ತಾತಂದಿರ ಕಥೆಯನ್ನ ನಮ್ಮ ಮನೆಗಳಲ್ಲಿ ಹೇಗೆ ಹೇಳ್ತೀವಿ, ಯೋಚನೆ ಮಾಡಿ. ಸ್ವಲ್ಪ ಬಣ್ಣ ಸೇರೇ ಸೇರುತ್ತೆ.

ಹಾಗಾದ್ರೆ ಅವನು ಗೆದ್ದಿದ್ದು ಹೇಗೆ? ಪಲ್ಲವರ ಗಡಿ ಕಾಯುವವರನ್ನ ಸೋಲಿಸಿ, ಶ್ರೀಪರ್ವತದ ಬಾಗಿಲವರೆಗಿನ ದುರ್ಗಮ ಕಾಡು ಸೇರಿಕೊಂಡ. ಅಂದ್ರೆ ಇವತ್ತಿನ ಶ್ರೀಶೈಲ, ನಲ್ಲಮಲ ಕಾಡು. ಈಗ ಅದು ದೇಶದ ಅತಿ ದೊಡ್ಡ ಹುಲಿ ರಕ್ಷಿತಾರಣ್ಯಗಳಲ್ಲಿ ಒಂದು. ಅಲ್ಲಿಂದಲೇ ಬೃಹದ್ಬಾಣರಿಂದ ಕಪ್ಪ ವಸೂಲಿ ಮಾಡಿದ. ಅಲ್ಲಿ ಅವನನ್ನ ಮಣಿಸೋದು ಕಷ್ಟ ಅಂತ ಪಲ್ಲವರಿಗೆ ಗೊತ್ತಾಗಿ, ಕೊನೆಗೆ ಸ್ನೇಹ ಮಾಡಿಕೊಂಡು ಅವನಿಗೊಂದು ನಾಡು ಬಿಟ್ಟುಕೊಟ್ಟರು. ಸುಮಾರು 345ರಲ್ಲಿ ಕದಂಬ ರಾಜ್ಯ ಹುಟ್ಟಿತು. ಬನವಾಸಿ ಅದರ ರಾಜಧಾನಿ ಆಯ್ತು.

ಬೆಳಿಗ್ಗೆ ಚಂದ್ರಗುತ್ತಿಯಲ್ಲಿ ಅರ್ಧ ಗಂಟೆ ದಾರಿ ತಪ್ಪಿದ್ದಕ್ಕೇ ನಮಗೆ ಜೀವ ಹೋದ ಹಾಗಾಗಿತ್ತು. ಗುರುತು ಪರಿಚಯ ಇಲ್ಲದ ಕಾಡಿನಲ್ಲಿ ಸೈನ್ಯ ನಡೆಸಬೇಕು ಅಂದ್ರೆ? ಪಲ್ಲವರ ಕಷ್ಟ ನನಗೆ ಅರ್ಥವಾಗಿದ್ದು ಆ ಕಂಬದ ಮುಂದೆ.

ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ. ಮಯೂರನ ಮನೆತನದವರ ಮನೆ ಹತ್ತಿರ ಒಂದು ಕದಂಬ ಮರ ಇತ್ತಂತೆ. ಅದನ್ನ ಅವರು ಜೋಪಾನ ಮಾಡಿದ್ರಂತೆ. ವಂಶಕ್ಕೆ ಆ ಹೆಸರು ಬಂದಿದ್ದೇ ಹಾಗೆ. ಕತ್ತಿಯ ಕಥೆ ಹೇಳೋಕೆ ನಿಂತ ಕವಿ ಕೂಡ ಮರವನ್ನ ಮರೆಯಲಿಲ್ಲ.

ಮುಂದಿನ ಸಲ ಟ್ರೆಕ್‌ಗೆ ಪಾಸ್ ಸಿಗದಿದ್ರೆ ಬೇಜಾರಾಗಬೇಡಿ. ತಾಳಗುಂದಕ್ಕೆ ಹೋಗಿ, ಆ ಕಂಬವನ್ನ ಒಂದು ಸುತ್ತು ಹಾಕಿ. ಸಾಲುಗಳನ್ನ ಕೆಳಗಿನಿಂದ ಮೇಲಕ್ಕೆ ನೋಡೋದನ್ನ ಮಾತ್ರ ಮರೆಯಬೇಡಿ.